ಪೂರ್ವಕ್ಕೆ ಮುಖ ಮಾಡಿದ ಕಾಫಿ ಗಾಡಿ

ಇವತ್ತು ಮುಂಜಾನೆ ಹಲ್ಲುಜ್ಜುತ್ತ ಕಟ್ಟೆಗೆ ಬಂದರೆ ನನ್ನ ಹೆಂಡತಿ ಜಯಾ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕುತ್ತಿದ್ದಳು. ಅದರೊಳಗೇನು ಹೊಸದು ಅನ್ನಬೇಡಿ. ಆಕೆಯ ಕೈಯಲ್ಲಿದ್ದದ್ದು ಹಿತ್ತಾಳೆಯ ಕಾಫಿ ಫಿಲ್ಟರಿನ ಮೇಲಿನ ಅರ್ಧ. ಅದರೊಳಗೆ ರಂಗೋಲಿ ಪುಡಿ ತುಂಬಿ ಬೆರಳಿನಿಂದ ಟಕ್ ಟಕ್ ಬಡಿದರೆ ತಳದ ಸಣ್ಣ ತೂತುಗಳಿಂದ ಪುಡಿ ಹದವಾಗಿ ಉದುರುತ್ತದೆ. ಎಷ್ಟೋ ವರ್ಷದಿಂದ ಹೀಗೇ ಹಾಕುತ್ತಾಳಂತೆ. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಇವತ್ತು. ಬಾಯಿ ಮುಕ್ಕಳಿಸಿ ಸುಮ್ಮನೆ ಒಳಗೆ ಬಂದೆ, ಆದರೆ ಮನಸ್ಸು ಅಲ್ಲೇ ರಂಗೋಲಿಯ ಹತ್ತಿರ ಕೂತುಬಿಟ್ಟಿತು. ಆ ಫಿಲ್ಟರು ಮೈಸೂರಿನಿಂದ ಜಮಖಂಡಿಗೆ ಆಕೆಯ ತೊಡೆಯ ಮೇಲೆ ಕೂತು ಬಂದದ್ದು. ಟ್ರಂಕನ್ನು ಬಸ್ಸಿನ ಮೇಲೆ ಹಾಕಲು ಕೊಟ್ಟಿದ್ದಳು, ಇದನ್ನು ಕೊಟ್ಟಿರಲಿಲ್ಲ.

ಆಕೆ ಮದುವೆಯಾಗಿ ಬಂದ ಮರುದಿನ ಮುಂಜಾನೆ ಆಯಿ ಕಪ್‌ಬಶಿಯಲ್ಲಿ ಹಸಿಶುಂಠಿ ಹಾಕಿದ ಚಹಾ ಕೊಟ್ಟಳು. ಆಯಿ ಅಂದರೆ ನನ್ನ ತಾಯಿ. ಅರ್ಧ ಮರಾಠಿ, ಅರ್ಧ ಕನ್ನಡದ ಮನೆ ನಮ್ಮದು. ಜಯಾ ತಲೆ ತಗ್ಗಿಸಿಕೊಂಡು ಮೆಲ್ಲಗೆ ಕೇಳಿದಳು, "ಕಾಫಿ ಇಲ್ವಾ ಅತ್ತೆ?" ಆಯಿ ಗಾಬರಿಯಾಗಿ ಆಕೆಯ ಹಣೆ ಮುಟ್ಟಿ ನೋಡಿದಳು. "ಯಾಕವಾ, ಆರಾಮಿಲ್ಲೇನು?"

ನಗಬೇಡಿ. ನಮ್ಮ ಓಣಿಯಲ್ಲಿ ಆಗ ಕಾಫಿ ಅಂದರೆ ಔಷಧ. ಜ್ವರ ಬಂದವರಿಗೆ, ತಲೆ ಸಿಡಿಯುವವರಿಗೆ, ಒಣಶುಂಠಿ ಬೆಲ್ಲ ಹಾಕಿ ಕುದಿಸಿ, ಮೂಗು ಹಿಡಿದು ಕುಡಿಸುವ ಕರಿ ನೀರು. ಸಣ್ಣವನಿದ್ದಾಗ ನನಗೆ ಪರೀಕ್ಷೆ ಬಂದಾಗಲೆಲ್ಲ ಜ್ವರ ಬರುತ್ತಿತ್ತು, ಕಾಫಿಯ ಡಬ್ಬಿ ಗೋಡೆಯ ಮಾಡದಿಂದ ಕೆಳಗಿಳಿದ ಸಪ್ಪಳ ಕೇಳಿದರೆ ಸಾಕು, ಬಿಟ್ಟುಹೋಗುತ್ತಿತ್ತು. ಇಂಥ ಊರಿಗೆ ಈ ಹುಡುಗಿ ಫಿಲ್ಟರು ಹಿಡಿದುಕೊಂಡು ಬಂದಿದ್ದಳು. ದಿನಾ ಮಧ್ಯಾಹ್ನ ಡಿಕಾಕ್ಷನ್ ಹಾಕುವಳು. ಬಂದವರಿಗೆ ಕೊಟ್ಟರೆ ಅವರು ಲೋಟ ನೋಡಿ, ನನ್ನ ಮಾರಿ ನೋಡಿ, "ಯಾರಿಗೆ ಆರಾಮಿಲ್ರೀ ಮಾಸ್ತರ?" ಅನ್ನುವರು. ಉಳಿದ ಡಿಕಾಕ್ಷನ್ನನ್ನು ಜಯಾ ಸಂಜೆ ಹಿತ್ತಲಿನ ಕರಿಬೇವಿಗೆ ಹಾಕುತ್ತಿದ್ದಳು. ಇಡೀ ಓಣಿಯಲ್ಲಿ ಕಾಫಿಯ ರುಚಿ ಗೊತ್ತಿದ್ದದ್ದು ನಮ್ಮ ಕರಿಬೇವಿಗೊಂದೇ, ಅದೂ ಒಂದು ವರ್ಷದೊಳಗೆ ಒಣಗಿತು.

ಅಲ್ಲ, ಸುಳ್ಳು ಹೇಳಬಾರದು, ಗಂಗಕ್ಕನಿಗೂ ಗೊತ್ತಿತ್ತು. ಗಂಗಕ್ಕ ಅಂದರೆ ನಮ್ಮ ಎದುರು ಮನೆಯಾಕೆ. ದೊಡ್ಡ ದನಿ, ದೊಡ್ಡ ಕುಂಕುಮ, ಕೈಗೆ ಯಾವಾಗಲೂ ಜೋಳದ ಹಿಟ್ಟು. ಒಂದಿನ ತಲೆಶೂಲೆಗೆಂದು ಬಂದು ಜಯಾನ ಕಾಫಿ ಕುಡಿದಳು. ಮರುದಿನ ತಲೆಶೂಲೆ ಇರಲಿಲ್ಲ, ಆದರೂ ಬಂದಳು. "ಬೇ ಜಯಾ, ಈ ನಿನ್ನ ಕಷಾಯ ನನ್ನ ಕೆಡಿಸಿತಲ್ಲ ಬೇ!" ಅಂತ ನಗುತ್ತ ಬಶಿಗೆ ಸುರುವಿಕೊಂಡು ಸೊರಸೊರ ಕುಡಿಯುವಳು. ಜಯಾನಿಗೆ ಕಾಫಿಯನ್ನು ಬಶಿಯಲ್ಲಿ ಕುಡಿಯುವುದು ಕಂಡರೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಗಂಗಕ್ಕನಿಗೆ ಮಾಫಿ ಇತ್ತು. ಊರೆಲ್ಲ ಜಯಾನನ್ನು "ಮೈಸೂರ ಬಾಯಾರು" ಅನ್ನುತ್ತಿತ್ತು. ಹೆಸರು ಹಿಡಿದು ಕರೆಯುವಾಕೆ ಗಂಗಕ್ಕ ಒಬ್ಬಳೇ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಡ್ರಾಯಿಂಗ್ ಮಾಸ್ತರನ ತಲೆಯೊಳಗೆ ಒಂದು ವಿಚಾರ ಹೊಕ್ಕರೆ ಮುಗಿಯಿತು, ಅದನ್ನು ಕಾಗದದ ಮೇಲೆ ಬರೆದು ಬಣ್ಣ ತುಂಬುವವರೆಗೆ ನಿದ್ದೆ ಇಲ್ಲ. ಮಂದಿ ಕಾಫಿಯ ಹತ್ತಿರ ಬರದಿದ್ದರೆ ಕಾಫಿಯೇ ಮಂದಿಯ ಹತ್ತಿರ ಹೋಗಲಿ! ನಾಲ್ಕು ಗಾಲಿಯ ಮೇಲೆ ಒಂದು ಕಾಫಿ ಅಂಗಡಿ. ಮುಧೋಳದ ಸಕ್ಕರೆ ಕಾರ್ಖಾನೆಯ ಮುಂದೆ ಒಂದಿನ, ಬನಹಟ್ಟಿಯ ನೇಕಾರರ ಓಣಿಯಲ್ಲಿ ಒಂದಿನ, ಬೀಳಗಿಯ ಸಂತೆಗೆ ಒಂದಿನ. ಹಾಳೆಯ ಮೇಲೆ ಗಾಡಿ ಬರೆದೆ, ಹಸಿರು ಬಣ್ಣ ಕೊಟ್ಟೆ, ಕಿಟಕಿಯಲ್ಲಿ ನಗುವ ಜಯಾನನ್ನು ಬರೆದೆ. ಆಕೆ ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ನಿಜವಾಗ್ಲೂ ಮಾಡ್ತೀರಾ?" ಅಂದಳು. ಮದುವೆಯಾದ ಮೇಲೆ ಆಕೆ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಅಷ್ಟಾದ ಮೇಲೆ ಮಾಡದಿರುವುದು ಹೇಗೆ ಹೇಳಿ.

ವಿಜಾಪುರದ ಕಡೆಯಿಂದ ಒಂದು ಹಳೆಯ ಟೆಂಪೋ ತಂದೆ. ಮೊದಲು ಬ್ರೆಡ್ ಹಂಚುತ್ತಿತ್ತು. ಮಳೆ ಬಂದಾಗ ಅದರ ತಗಡಿನಿಂದ ಬ್ರೆಡ್ಡಿನ ವಾಸನೆ ಏಳುತ್ತಿತ್ತು, ಆಮೇಲೆ ಎಷ್ಟು ತೊಳೆದರೂ ಹೋಗಲಿಲ್ಲ. ಕೂಡಿಸುವ ಕೆಲಸಕ್ಕೆ ಮುಧೋಳದ ಮೌಲಾಸಾಬ ಮಿಸ್ತ್ರಿ ಬಂದ. ಕಬ್ಬಿನ ಟ್ರೇಲರುಗಳಿಗೆ ಬಾಡಿ ಕಟ್ಟುವವನು, ಅವನಿಗೆ ಎಲ್ಲವೂ ದಪ್ಪ ಇರಬೇಕು. "ಮಾಸ್ತರ, ಈ ಹಲಗಿ ಮ್ಯಾಲ ಆನಿ ನಿಂದ್ರಸರಿ ಬೇಕಾದ್ರ!" ಅನ್ನುತ್ತಿದ್ದ. ಕಪ್ಪಿಡುವ ಹಲಗೆಯ ಮೇಲೆ ಆನೆಯನ್ನು ಯಾಕೆ ನಿಲ್ಲಿಸಬೇಕು ಅಂತ ನಾನು ಕೇಳಲಿಲ್ಲ.

ನೀರು ಕಾಯಿಸಲು ನಮ್ಮ ಬಚ್ಚಲಿನ ತಾಮ್ರದ ಬಂಬವನ್ನೇ ಕಿತ್ತು ಗಾಡಿಗೆ ಕೂಡಿಸಿದೆವು. ನಡುವೆ ಇದ್ದಿಲು ಹಾಕುವ ಕೊಳವೆ, ಸುತ್ತ ನೀರು, ಕೆಳಗೆ ನಲ್ಲಿ. ಕಾಫಿಯ ಗಾಡಿಗೆ ಇದಕ್ಕಿಂತ ಛಲೋ ಪಾತ್ರೆ ಯಾವುದಿದೆ? ಆಯಿ ಮಾತ್ರ ಕೂಗಾಡಿದಳು. "ಮೈ ತೊಳ್ಯೋ ಬಂಬದಾಗ ಕುಡ್ಯೋ ನೀರು? ಬುದ್ಧಿ ಗಿದ್ಧಿ ಅದನ ನಿನಗ?" ಹುಣಸೆಹಣ್ಣು ಹಚ್ಚಿ ಮೂರ್ನಾಲ್ಕು ಸಲ ತಿಕ್ಕಿಸಿ, ಮೇಲೆ ಗೋಮೂತ್ರ ಚಿಮುಕಿಸಿದ ಮೇಲೆ ಸುಮ್ಮನಾದಳು. ಬಂಬದ ಹೊಗೆಗೆ ಟೆಂಪೋದ ಮಾಡಿಗೆ ತೂತು ಕೊರೆದು ತಗಡಿನ ಟೋಪಿ ಹಾಕಿದೆವು. ಮುಧೋಳದ ರಸ್ತೆಯ ತಗ್ಗುದಿನ್ನೆಗೆ ಕಪ್ಪು ಒಡೆಯಬಾರದೆಂದು ಜಯಾ ತನ್ನ ಹಳೆಯ ಸೀರೆಯೊಂದನ್ನು ಹರಿದು, ಸಾಲಾಗಿ ಕಿಸೆ ಹೊಲಿದು ಗೋಡೆಗೆ ತೂಗುಹಾಕಿದಳು. ಒಂದೊಂದು ಕಿಸೆಯೊಳಗೆ ಒಂದೊಂದು ಕಪ್ಪು ಬೆಚ್ಚಗೆ ಮಲಗುತ್ತಿತ್ತು. ಆಕೆಯ ಫಿಲ್ಟರು ಸಣ್ಣದಾಯಿತೆಂದು ಪಾತ್ರೆ ಬಡಿಯುವ ತಾಂಬಟಗಾರನಿಂದ ಕೊಡದಷ್ಟು ದೊಡ್ಡದೊಂದು ಮಾಡಿಸಿದೆ. ಅವನು ಬೂಂದಿ ಉದುರಿಸುವ ತೂತಿನ ಝಾರಿ ಮಾಡುವವನು, ಅದೇ ಅಳತೆಯ ತೂತು ಹಾಕಿ ಕೊಟ್ಟ. ನೀರು ಹೊಯ್ದರೆ ಪುಡಿ ಮೊದಲು ಕೆಳಗೆ, ನೀರು ಆಮೇಲೆ. ಜಯಾ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. ಆ ನಗು ನಾನು ಈಗ ಎಲ್ಲಿಂದ ತರಲಿ?

ಇನ್ನು ಒಲೆಯ ವಿಷಯಕ್ಕೆ ಬರುತ್ತೇನೆ. ಒಲೆ ಪೂರ್ವಕ್ಕೇ ಇರಬೇಕು, ಅಡಿಗೆ ಮಾಡುವಾಕಿ ಪೂರ್ವಕ್ಕೆ ಮಾರಿ ಮಾಡಿಯೇ ನಿಲ್ಲಬೇಕು ಅಂತ ಆಯಿಯ ಹಠ. ಮಿಸ್ತ್ರಿಯೂ ತಲೆಯಾಡಿಸಿದ, "ಖರೆ ಐತ್ರಿ ಆಯಿ, ಬೆಂಕಿ ವಿಷಯದಾಗ ಆಟ ಆಡಬಾರ್ದು" ಅಂದ. ನಾನು ದಿಕ್ಸೂಚಿ ತಂದು ಅಂಗಳದಲ್ಲಿ ನಿಂತಿದ್ದ ಟೆಂಪೋದೊಳಗೆ ಹತ್ತಿ, ಸೀಸಕಡ್ಡಿಯಿಂದ ಗೆರೆ ಎಳೆದು, ಕೂದಲೆಳೆಯಷ್ಟೂ ತಪ್ಪದಂತೆ ಪೂರ್ವದ ಗೋಡೆಗೆ ಒಲೆ, ಬಂಬ ಕೂಡಿಸಿದೆ. ಎದುರಿನ ಪಶ್ಚಿಮದ ಗೋಡೆ ಕೊಯ್ದು ಕಾಫಿ ಕೊಡುವ ಕಿಟಕಿ ಮಾಡಿದೆವು. ಆಯಿ ಕರ್ಪೂರ ಬೆಳಗಿದಳು. ಮಿಸ್ತ್ರಿ ಪೇಢೆ ತಿಂದ. ಗಂಗಕ್ಕ ಕಾಯಿ ಒಡೆದಳು. ಗಾಡಿಗೆ ಗಾಲಿಗಳಿವೆ, ಅದು ಅಂಗಳ ಬಿಟ್ಟ ಕೂಡಲೇ ಪೂರ್ವ ಎಲ್ಲಿಗೋ ಹೋಗುತ್ತದೆ ಅನ್ನುವುದು ನಮ್ಮೊಳಗೆ ಒಬ್ಬರಿಗೂ ಹೊಳೆಯಲಿಲ್ಲ ನೋಡಿ. ಟೆಂಪೋ ಅಂಗಳದಲ್ಲಿ ದಕ್ಷಿಣಕ್ಕೆ ಮೂತಿ ಮಾಡಿ ನಿಂತಿತ್ತು. ಹಾಗಾಗಿ ಕಿಟಕಿ ಬಂದದ್ದು ಡ್ರೈವರನ ಬಲಗಡೆ. ಅಂದರೆ ರಸ್ತೆಯ ಎಡಕ್ಕೆ ಗಾಡಿ ನಿಲ್ಲಿಸಿದರೆ ನಮ್ಮ ಕಾಫಿಯ ಕಿಟಕಿ ಬಾಯಿ ತೆರೆಯುತ್ತಿದ್ದದ್ದು ನಟ್ಟನಡು ರಸ್ತೆಗೆ.

ಮೊದಲ ದಿನ ಮುಧೋಳದ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ಜಯಾ ಕಿಟಕಿ ತೆಗೆದಳು. ಅದರ ಮುಂದೆ ಕಬ್ಬಿನ ಗಾಡಿಯ ಎತ್ತು ನಿಂತಿತ್ತು. ಕಾಫಿ ಬೇಕಾದ ಒಬ್ಬ ಪುಣ್ಯಾತ್ಮ ಬಂದು ಕೈ ಚಾಚಿದ, ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು, ಅವನು ಕಪ್ಪು ಬಿಟ್ಟು ಗಟಾರದ ಕಡೆ ಹಾರಿದ. ಪೋಲೀಸನೊಬ್ಬ ಬಂದು, "ಮಾಸ್ತರ, ಸಾಲಿ ಕಲಿಸೋರು ನೀವು, ಮಂದೀನ ಕೊಲ್ಲಾಕ ಹೊಂಟೀರೇನ್ರಿ?" ಅಂದ. ತಪ್ಪು ಬದಿಗೆ, ಬರುವ ಗಾಡಿಗಳಿಗೆ ಎದುರಾಗಿ ನಿಲ್ಲಿಸಿದರೆ ಮಾತ್ರ ಕಿಟಕಿ ಸರಿಯಾಗುತ್ತಿತ್ತು, ಅದಕ್ಕೆ ಎಲ್ಲರೂ ಬೈಯುತ್ತಿದ್ದರು. ಕಿಟಕಿ ಬದಲಿಸೋಣವೆಂದರೆ ಒಲೆ ಪಶ್ಚಿಮಕ್ಕೆ ಹೋಗುತ್ತದೆಂದು ಆಯಿ ಊಟ ಬಿಟ್ಟಳು. ನನ್ನ ಡ್ರೈವಿಂಗ್ ಬಗ್ಗೆ ಹೇಳುವುದೇ ಬೇಡ. ಸೈಕಲ್ ಹೊಡೆದು ರೂಢಿಯಾದ ಕಾಲು. ತಿಮ್ಮಾಪುರದ ದಾರಿಯಲ್ಲಿ ಒಂದು ಮುಧೋಳದ ನಾಯಿ ನಮ್ಮ ಜೊತೆ ಓಡುತ್ತ ಬಂದು, ಬೇಸತ್ತು ಮುಂದೆ ಹೋಗಿ, ಬೇವಿನ ಗಿಡದ ಕೆಳಗೆ ಕೂತು ನಮ್ಮ ದಾರಿ ಕಾಯುತ್ತಿತ್ತು.

ಕುಡಿಯುವವರು ಬರಲಿಲ್ಲ. ಬಂದವರು ಅದೇ ಹಳೇ ಮಾತು, "ಯಾರಿಗೆ ಆರಾಮಿಲ್ರೀ?" ಆಗಾಗ ಯಾರೋ ಒಬ್ಬ, "ಬಾಯಾರ, ಚಾ ಮಾಡೂದಿಲ್ಲೇನ್ರಿ?" ಅಂತ ಕೇಳುವನು. ಜಯಾ ಇಲ್ಲ ಅನ್ನುವಳು. ಚಹಾ ಮಾಡು, ಗಾಡಿ ನಡೆಯಲಿ, ಅಂತ ನಾನೂ ಒಂದು ಸಲ ಅಂದೆ. "ಚಾ ಮಾಡೋಕೆ ನಾನೇ ಬೇಕಾ? ಎಲ್ರೂ ಮಾಡ್ತಾರಲ್ಲ" ಅಂದಳು. ಆಕೆಗೆ ಬೇಕಾದದ್ದು ವ್ಯಾಪಾರ ಅಲ್ಲ ಅಂತ ನನಗೆ ಆಗ ಅರ್ಥವಾಯಿತು. ತಾನು ತಂದದ್ದನ್ನು ಈ ಊರಿನವರು ಒಂದು ಗುಟುಕು ರುಚಿ ನೋಡಿ ಛಲೋ ಅನ್ನಬೇಕು, ಅಷ್ಟೇ.

ಒಂದು ರವಿವಾರ ಬನಹಟ್ಟಿಗೆ ಹೋದೆವು. ನೇಕಾರರ ಓಣಿಯಲ್ಲಿ ಮಗ್ಗಗಳ ಖಟಕ್ ಖಟಕ್ ಸಪ್ಪಳಕ್ಕೆ ಮಾತು ಕೇಳಿಸುವುದಿಲ್ಲ. ಅವತ್ತು ಓಣಿ ಥಂಡಾಗಿತ್ತು. ನಾನು ಬುದ್ಧಿವಂತ, ರಜೆ ಇರಬೇಕು ಅಂದುಕೊಂಡು ಗಾಡಿ ಒಳಗೆ ನುಗ್ಗಿಸಿದೆ. ನಡುವೆ ಹೋದ ಮೇಲೆ ಗೊತ್ತಾಯಿತು, ಅಲ್ಲಿಯ ಮನೆಯೊಂದರಲ್ಲಿ ಯಜಮಾನರು ಮುಂಜಾನೆ ತೀರಿಹೋಗಿದ್ದಾರೆ. ಓಣಿ ಇಕ್ಕಟ್ಟು, ಹಿಂದೆ ಬರುವ ಮಂದಿ, ಮುಂದೆ ಕಟ್ಟುತ್ತಿದ್ದ ಚಟ್ಟ. ಗಾಡಿ ಹಿಂದಕ್ಕೂ ಹೋಗದು, ಮುಂದಕ್ಕೂ ಹೋಗದು. ನಾನು ಸ್ಟೇರಿಂಗ್ ಹಿಡಿದು ಬೆವರುತ್ತ ಕೂತೆ. ನಮ್ಮ ದರಿದ್ರ ಕಿಟಕಿ ಮಾತ್ರ ಮೊದಲ ಸಲ ಸರಿಯಾದ ಜಾಗಕ್ಕೆ ಬಂದಿತ್ತು, ಸೀದಾ ಆ ಮನೆಯ ಕಟ್ಟೆಗೆ.

ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ನಿಮಗೆ ಗೊತ್ತು. ನೆಂಟರು ಮುಂಜಾನೆಯಿಂದ ಹನಿ ನೀರಿಲ್ಲದೆ ಅತ್ತು ಅತ್ತು ಕೂತಿದ್ದರು. ಜಯಾ ನನ್ನನ್ನು ಕೇಳಲಿಲ್ಲ. ಕಿಟಕಿ ತೆಗೆದು, ಕಿಸೆಗಳಿಂದ ಕಪ್ಪು ತೆಗೆದು, ಬಿಸಿ ಕಾಫಿ ಸುರುವಿ, ತಾನೇ ಕೆಳಗಿಳಿದು ಒಬ್ಬೊಬ್ಬರ ಕೈಗೆ ಕೊಟ್ಟಳು. ಆರಾಮಿಲ್ಲವೇ ಅಂತ ಯಾರೂ ಕೇಳಲಿಲ್ಲ. ಕುಡಿದರು. ಗಂಡನನ್ನು ಕಳಕೊಂಡ ಮುದುಕಿ ಕಪ್ಪನ್ನು ಎರಡೂ ಕೈಯಿಂದ ಹಿಡಿದು ಮುಗಿಸಿ, ಜಯಾನ ಕೈ ಹಿಡಿದುಕೊಂಡು ಕೇಳಿದಳು, "ನಿನ್ನ ಹೆಸರೇನ ನನ್ನವ್ವ?"

ಬರುವಾಗ ಗಾಡಿಯಲ್ಲಿ ಜಯಾ ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಕುಡಿದ್ರು ರೀ, ಎಲ್ಲಾರೂ ಕುಡಿದ್ರು" ಅಂದಳು.

ಆ ಸುದ್ದಿ ಹರಡಿತು. ಮುಂದಿನ ಸಾವಿಗೆ ರಬಕವಿಯಿಂದ ಒಬ್ಬರು ಸಾಲೆಗೇ ಬಂದರು. "ಮಾಸ್ತರ, ಗಾಡಿ ಬೇಕಾಗಿತ್ರಿ. ಒಲಿ ಹಚ್ಚುವಂಗಿಲ್ಲ, ದೂರದ ಮಂದಿ ಬಂದೈತಿ." ಹೋದೆವು. ಆಮೇಲೆ ಬೀಳಗಿ, ಆಮೇಲೆ ಮುಧೋಳ. ಜಯಾ ಒಂದು ಸಲವೂ ಬೇಡ ಅನ್ನಲಿಲ್ಲ, ಬಿಳಿ ಸೀರೆ ಉಟ್ಟು ತಯಾರಾಗುವಳು. ಸಾವಿನ ಮನೆಗಳ ಓಣಿಗಳು ಇಕ್ಕಟ್ಟಾಗಿರುತ್ತಿದ್ದವು, ಬಸ್ಸು ಬರುತ್ತಿರಲಿಲ್ಲ, ಕಿಟಕಿ ಯಾವ ಬದಿಗಿದ್ದರೂ ನಡೆಯುತ್ತಿತ್ತು. ಆಗ ನಾನು ಹಿಗ್ಗಿದ್ದೆ ಅಂತ ಹೇಳಿದರೆ ನೀವು ಬೈಯುತ್ತೀರಿ. ಹಿಗ್ಗಿದ್ದೆ. ನನ್ನ ಹೆಂಡತಿಯ ಕಾಫಿ ಮಂದಿ ಕುಡಿಯುತ್ತಿದ್ದಾರಲ್ಲ!

ಬರಬರುತ್ತ ಬೇರೆ ಏನೋ ಶುರುವಾಯಿತು. ಗಾಡಿ ಒಂದು ಓಣಿಗೆ ತಿರುಗಿದರೆ ಹೆಂಗಸರು ಕಸಬರಿಗೆ ಬಿಟ್ಟು ಬಾಗಿಲಿಗೆ ಬರುವರು, "ಯಾರ ಹೋದ್ರವಾ?" ಅಂತ ಒಬ್ಬರನ್ನೊಬ್ಬರು ಕೇಳುವರು. ಕೂಸುಗಳನ್ನು ಒಳಗೆ ಕರೆದುಕೊಳ್ಳುವರು. ಸಂತೆಯಲ್ಲಿ ನಿಲ್ಲಿಸಿದರೆ ಬಟ್ಟೆ ಅಂಗಡಿಯವನು ಕೈ ಮುಗಿದ, "ಮಾಸ್ತರ, ಬ್ಯಾಸರ ಮಾಡ್ಕೋಬ್ಯಾಡ್ರಿ, ಮದವಿ ಜವಳಿ ತಗೊಳ್ಳಾಕ ಮಂದಿ ಬರತಾರ. ಸ್ವಲ್ಪ ಅತ್ತಾಗ ಹೋಗ್ರಿ." ಬ್ರೆಡ್ಡಿನ ವಾಸನೆಯ ನನ್ನ ಹಸಿರು ಗಾಡಿಯನ್ನು ಕಂಡು ಜನ ರಾಮ ರಾಮ ಅನ್ನತೊಡಗಿದರು. ಮೊದಲು ಅದು ಆರಾಮಿಲ್ಲದವರ ಕಾಫಿಯಾಗಿತ್ತು, ಈಗ ಸತ್ತವರ ಕಾಫಿ. ಇದನ್ನು ಹೇಳಿ ಒಂದಿನ ನಾನು ನಗಿಸಲು ನೋಡಿದೆ. ಜಯಾ ನಗಲಿಲ್ಲ, "ಕುಡಿಯೋವಾಗ ಅವರಿಗೆ ಸಮಾಧಾನ ಆಗುತ್ತೆ ರೀ, ನಾನು ನೋಡಿದೀನಿ" ಅಂದಳು. ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಅದೂ ಉಳಿಯಲಿಲ್ಲ. ಆ ಚಳಿಗಾಲ ಗಂಗಕ್ಕ ಹಾಸಿಗೆ ಹಿಡಿದಳು, ಎದೆಯಲ್ಲಿ ಕಫ, ಉಸಿರಿಗೆ ಕಷ್ಟ. ಪಡಸಾಲೆಯ ಕಿಟಕಿಯ ಪಕ್ಕ ಮಲಗಿಸಿದ್ದರು. ಜಯಾ ದಿನಾ ನಾಲ್ಕಕ್ಕೆ ಕಾಫಿ ಒಯ್ದು ಬಶಿಗೆ ಸುರುವಿ ಕುಡಿಸಿ ಬರುತ್ತಿದ್ದಳು. ಒಂದಿನ ಮುಂಜಾನೆ ನಾವು ಬೀಳಗಿಯ ಒಂದು ಸಾವಿನ ಮನೆಗೆ ಹೋಗಬೇಕಾಗಿತ್ತು. ನಾನು ಗಾಡಿಯನ್ನು ಅಂಗಳದಿಂದ ಓಣಿಗೆ ತೆಗೆದು ನಿಲ್ಲಿಸಿದೆ. ಜಯಾ ಒಳಗೆ ಹತ್ತಿ ಬಂಬಕ್ಕೆ ಇದ್ದಿಲು ಹಾಕಿ, ಅದರ ಸೆಕೆಗೆ ಕಿಟಕಿ ತೆಗೆದಳು. ಕಿಟಕಿ ತೆರೆದದ್ದು ಗಂಗಕ್ಕನ ಕಿಟಕಿಯ ಎದುರಿಗೆ. ಜಯಾ ನಕ್ಕು ಕೈ ಬೀಸಿದಳಂತೆ.

ಒಳಗಿನಿಂದ ಒಂದು ಕೂಗು ಬಂತು. ಗಂಗಕ್ಕನ ದನಿ ಅಂತ ಗುರುತು ಸಿಗದಂಥ ಕೂಗು. "ನಾ ಇನ್ನೂ ಜೀವಂತ ಅದೇನಿ ಬೇ! ಇನ್ನೂ ಅದೇನಿ! ತಗೀರಿ ಅದನ್ನ, ತಗೀರಿ!" ಮಗ ಓಡಿಬಂದ. ಒಳ್ಳೆಯ ಮನುಷ್ಯ, ನನಗೆ ಮಾರಿ ತೋರಿಸಲಾರದೆ ನೆಲ ನೋಡುತ್ತ ಹೇಳಿದ, "ಮಾಸ್ತರ, ಗಾಡಿ ಸರಸ್ರಿ. ಅವ್ವ ಅಂಜಾಕತ್ತಾಳ." ನಾನು ಗಾಡಿ ಚಾಲೂ ಮಾಡಿ ಮುಂದಕ್ಕೆ ಸರಿಸಿದೆ. ಜಯಾ ಕೈಯಲ್ಲಿ ಕಪ್ಪು ಹಿಡಿದು ಹಾಗೇ ನಿಂತಿದ್ದಳು. ಅವತ್ತು ನಾಲ್ಕಕ್ಕೆ ಆಕೆ ಕಾಫಿ ಒಯ್ದಾಗ ಗಂಗಕ್ಕ ಗೋಡೆಗೆ ತಿರುಗಿ ಮಲಗಿದಳು, ಬಾಯಿ ತೆರೆಯಲಿಲ್ಲ. ಸೊಸೆ ಬಾಗಿಲವರೆಗೆ ಬಂದು, "ಇನ್ನ ತರಬ್ಯಾಡ್ರಿ ಬಾಯಾರ" ಅಂದಳು.

ಗಂಗಕ್ಕ ಸಾಯಲಿಲ್ಲ. ಸಂಕ್ರಾಂತಿಗೆ ಎದ್ದು ಕೂತಳು, ಎಳ್ಳು ಬೀರಲಿಕ್ಕೂ ಬಂದಳು. "ಸಿಟ್ಟಾಗೀಯೇನ ಜಯಾ? ಜ್ವರದಾಗ ಏನೇನೋ ಅಂದೆ" ಅಂದಳು. ಜಯಾ, "ಸಿಟ್ಟೇನಿಲ್ಲ ಗಂಗಕ್ಕ, ಕೂತ್ಕೊಳ್ಳಿ" ಅಂತ ಒಳಗೆ ಹೋದಳು. ನಾನು ಕಾಫಿಯ ಘಮಕ್ಕೆ ಕಾದು ಕೂತೆ. ಆಕೆ ಹೊರಗೆ ತಂದದ್ದು ಚಹಾ. ಗಂಗಕ್ಕ ಬಶಿಗೆ ಸುರುವಿಕೊಂಡಳು. ಜಯಾನೂ ಬಶಿಗೆ ಸುರುವಿಕೊಂಡಳು. ಇಬ್ಬರೂ ಸೊರಸೊರ ಕುಡಿದು, ಅವರೆಕಾಯಿ ಈ ಸಲ ಛಲೋ ಬಂದಿಲ್ಲ ಅಂತ ಮಾತಾಡಿದರು. ನನಗೆ ಅಲ್ಲಿ ಕೂಡಲಾಗಲಿಲ್ಲ. ಹಿತ್ತಲಿಗೆ ಹೋಗಿ ಒಣಗಿದ ಕರಿಬೇವಿನ ಬೊಡ್ಡೆಯ ಹತ್ತಿರ ಸುಮ್ಮನೆ ನಿಂತೆ.

ಗಾಡಿಯ ಬಾಡಿಯನ್ನು ಮೌಲಾಸಾಬ ಬಿಚ್ಚಿಕೊಂಡು ಹೋದ. ಹಲಗೆ ಕೀಳಲಾರದೆ ಬಹಳ ಒದ್ದಾಡಿದ, ತನ್ನನ್ನೇ ಬೈದುಕೊಂಡ. ಬಂಬ ಮತ್ತೆ ಬಚ್ಚಲಿಗೆ ಬಂತು, ದಿನಾ ಅದರ ನೀರಿನಲ್ಲೇ ನನ್ನ ಸ್ನಾನ. ಬೂಂದಿ ಫಿಲ್ಟರನ್ನು ಆಯಿ ಇರುವವರೆಗೂ ದೀಪಾವಳಿಗೆ ಬೂಂದಿ ಕರಿಯಲಿಕ್ಕೇ ಬಳಸಿದಳು. ಮೈಸೂರಿನಿಂದ ಕಾಫಿ ಪುಡಿ ತರಿಸುವುದು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ. ಜಯಾನ ಮಾತೂ ಯಾವಾಗ ಬದಲಾಯಿತೋ ಗೊತ್ತಾಗಲಿಲ್ಲ. ಈಗ ಹೊಸದಾಗಿ ಓಣಿಗೆ ಬಂದ ಯಾರಿಗೂ ಆಕೆ ಮೈಸೂರಿನವಳು ಅಂತ ಹೊಳೆಯುವುದಿಲ್ಲ. ಆಕೆ ಈ ಊರಿನವಳಾಗಬೇಕು ಅಂತ ನಾನು ಇಷ್ಟೆಲ್ಲ ಗುದ್ದಾಡಿದ್ದು. ಆದಳು. ಪೂರ್ತಿ ಆದಳು. ಇದಕ್ಕಿಂತ ಆ ಗಾಡಿ ಎಲ್ಲಾದರೂ ಬಸ್ಸಿಗೆ ಗುದ್ದಿಕೊಂಡಿದ್ದರೆ ಪಾಡಿತ್ತು ಅಂತ ನನಗೆ ಅನ್ನಿಸುತ್ತದೆ.

ಇವತ್ತು ರಂಗೋಲಿ ಮುಗಿಸಿ ಆಕೆ ಒಳಗೆ ಬಂದು ಫಿಲ್ಟರನ್ನು ಗೂಡಿನಲ್ಲಿಟ್ಟಳು. ನನ್ನ ಬಾಯಿ ತಡೆಯಲಿಲ್ಲ. "ಜಯಾ, ಇವತ್ತೊಂದಿನ ಕಾಫಿ ಮಾಡ್ತೀಯೇನು?" ಅಂದೆ.

ಆಕೆ ಗಾಬರಿಯಾಗಿ ಹತ್ತಿರ ಬಂದಳು. ರಂಗೋಲಿ ಪುಡಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಹಣೆ ಮುಟ್ಟಿ ನೋಡಿದಳು.

"ಯಾಕ್ರೀ, ಆರಾಮಿಲ್ಲೇನು?"